ಲಿಟಲ್ ನೈಟ್‌ಮೇರ್ಸ್: ಕುರುಡ ಜಾನಿಟರ್ ಕೈಗೆ ಸಿಗದೆ ದಾಟುವುದು ಹೇಗೆ

ನನ್ನ ಅಕ್ಕನ ಮಗನಿಗೆ ಆಟ ಅಂದರೆ ಓಡುವುದು. ಲಿಟಲ್ ನೈಟ್‌ಮೇರ್ಸ್ ಅನ್ನುವ ಈ ವಿಡಿಯೊ ಗೇಮಿನ ಎರಡನೇ ಅಧ್ಯಾಯಕ್ಕೆ ಬಂದ ಮೇಲೆ ದಿನಾ ಫೋನು. "ಮಾಮಾ, ಈ ಮುದುಕ ಬಿಡ್ತಾನೇ ಇಲ್ಲ!" ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಓಡಬೇಡಿ, ಮೊದಲು ನೆಲ ನೋಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ವೀಡನ್ನಿನ ಟಾರ್ಸಿಯರ್ ಸ್ಟುಡಿಯೋಸ್ ಮಾಡಿದ ಆಟ, 2017ರಲ್ಲಿ ಬಂತು. ಹಳದಿ ರೇನ್‌ಕೋಟಿನ ಪುಟ್ಟ ಹುಡುಗಿ ಸಿಕ್ಸ್ ಕೆಟ್ಟ ಕನಸು ಕಂಡು ಸೂಟ್‌ಕೇಸಿನೊಳಗೆ ಎಚ್ಚರಾಗುತ್ತಾಳೆ. ಎದ್ದರೂ ಕನಸು ಮುಗಿದಿಲ್ಲ ಅನ್ನಿ. ಕುರ್ಚಿ, ಬಾಗಿಲು, ಮೇಜು ಎಲ್ಲ ದೈತ್ಯರ ಅಳತೆಯವು.

ಎರಡನೇ ಅಧ್ಯಾಯದಲ್ಲಿ ಅವಳನ್ನು ಹಿಡಿಯಲು ಬರುವ ಮುದುಕನೇ ಜಾನಿಟರ್, ಅಂದರೆ ಜಾಗ ನೋಡಿಕೊಳ್ಳುವ ಕೆಲಸದವನು. ಅವನಿಗೆ ಕಣ್ಣು ಕಾಣುವುದಿಲ್ಲ. ಗಿಡ್ಡ ಮೈ, ಕೈ ಮಾತ್ರ ಉದ್ದವೋ ಉದ್ದ. ಸದ್ದು ಕೇಳಿದ ಕಡೆ ಆ ಕೈ ಚಾಚುತ್ತಾನೆ. ಹಾಗಾಗಿ ಅವನ ಕೋಣೆಗಳಲ್ಲಿ ಹಲಗೆ ಎಲ್ಲಿದೆ, ಜಮಖಾನೆ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಲಗೆ ಕಿರ್ ಅನ್ನುತ್ತದೆ, ಜಮಖಾನೆ ಅನ್ನುವುದಿಲ್ಲ. ಬಗ್ಗಿ ನಡೆಯಿರಿ. ಅವನು ಹತ್ತಿರ ಬಂದರೆ ಸುಮ್ನೆ ನಿಂತುಬಿಡಿ. ಓಡಿ ತಪ್ಪಿಸಿಕೊಳ್ಳುವ ಆಸೆ ಬರುತ್ತೆ, ಅದೇ ಅವನಿಗೂ ಬೇಕಾಗಿರೋದು. ಹೆಡ್‌ಫೋನ್ ಹಾಕಿಕೊಂಡರೆ ಅವನು ಎಡಕ್ಕಿದ್ದಾನೋ ಬಲಕ್ಕಿದ್ದಾನೋ ತಿಳಿಯುತ್ತದೆ. ಟಿವಿ ಸ್ಪೀಕರಿನಲ್ಲಿ ಇದು ಅರ್ಧಕ್ಕರ್ಧ ಹೋಗಿಬಿಡುತ್ತದೆ.

ಇನ್ನೊಂದು ಕಾಟ, ಎಡಬಲಕ್ಕಷ್ಟೇ ಅಲ್ಲದೆ ಪರದೆಯ ಒಳಕ್ಕೂ ಹೊರಕ್ಕೂ ನಡೆಯಬಹುದಾದ ಈ ಆಟದ ಆಳ. ನೇರ ಬಲಕ್ಕೆ ಹೋಗುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಹುಡುಗಿ ಹಲಗೆಯ ಅಂಚಿನಿಂದ ದೊಪ್ಪನೆ ಬೀಳುತ್ತಾಳೆ. ಕಿರಿದಾದ ಜಾಗದಲ್ಲಿ ಲೈಟರ್ ಹಚ್ಚಿ, ಕಾಲು ಎಲ್ಲಿದೆ ಅಂತ ನೋಡಿಕೊಂಡು ಹೆಜ್ಜೆ ಇಡಿ.

ಲಿಫ್ಟಿನ ಗುಂಡಿ ಸಿಕ್ಸ್‌ಗೆ ಎಟುಕುವುದಿಲ್ಲ. ಅಲ್ಲಿ ಬಿದ್ದಿರುವ ಕೋತಿ ಗೊಂಬೆ ಎತ್ತಿಕೊಂಡು ಗುಂಡಿಗೆ ಎಸೆಯಿರಿ. ಗುರಿ ತಪ್ಪುತ್ತಿದ್ದರೆ ಗುಂಡಿಗೆ ನೇರ ಎದುರಾಗಿ ನಿಂತು ಎಸೆಯಿರಿ, ಓರೆಯಾಗಿ ಬೇಡ.

ಆಮೇಲೆ ಚಪ್ಪಲಿ, ಬೂಟುಗಳ ಸಮುದ್ರ. ಇಷ್ಟು ಜನರ ಕಾಲಲ್ಲಿದ್ದವು ಇಲ್ಲೇಕೆ ಬಂದವು ಅಂತ ಯೋಚಿಸಿದರೆ ರಾತ್ರಿ ನಿದ್ದೆ ಬರಲ್ಲ, ಬಿಡಿ. ರಾಶಿಯ ಕೆಳಗೆ ಏನೋ ಹರಿದಾಡುತ್ತಿರುತ್ತದೆ. ಅದು ಏನು ಅಂತ ಆಟ ತೋರಿಸುವುದೇ ಇಲ್ಲ, ನನಗೆ ಇಡೀ ಆಟದಲ್ಲಿ ಜಾಸ್ತಿ ಹೆದರಿಕೆಯಾದದ್ದು ಅಲ್ಲೇ. ಮೇಲೆ ತೇಲುವಂತೆ ಕಾಣುವ ಸೂಟ್‌ಕೇಸುಗಳೇ ನಿಮ್ಮ ದಡ. ಒಂದರಿಂದ ಇನ್ನೊಂದಕ್ಕೆ ಓಡಿ, ಹತ್ತಿ ನಿಲ್ಲಿ, ಉಸಿರು ತೆಗೆದುಕೊಳ್ಳಿ. ಇಲ್ಲಿ ಮಾತ್ರ ಓಟಕ್ಕೆ ಬೆಲೆ.

ಕೊನೆಗೆ ಒಂದು ಬಾಗಿಲು, ಪೂರ್ತಿ ಮುಚ್ಚದಂತೆ ಅಡ್ಡಕ್ಕೆ ಪಂಜರ ಸಿಕ್ಕಿಕೊಂಡಿರುತ್ತದೆ. ಸಂದಿನಿಂದ ಅವನ ಎರಡೂ ಕೈ ಒಳಗೆ ತಡಕಾಡುತ್ತವೆ. ಬಾಗಿಲ ಕಡೆ ಹೋಗಲು ಹೆದರಿ ಮೂಲೆ ಸೇರಿದರೆ ಕೆಲಸ ಆಗುವುದಿಲ್ಲ. ಕೈ ಅತ್ತ ಸರಿದ ಕ್ಷಣ ಪಂಜರದ ಕಂಬಿ ಹಿಡಿದು ಎಳೆಯಿರಿ, ನಿಮ್ಮ ಕಂಟ್ರೋಲರಿನ ಹಿಡಿಯುವ ಗುಂಡಿಯಿಂದ ಬೆರಳು ತೆಗೆಯಬೇಡಿ. ಕೈ ನಿಮ್ಮ ಕಡೆ ತಿರುಗಿದರೆ ಬಿಟ್ಟು ಹಿಂದೆ ಸರಿಯಿರಿ, ಮತ್ತೆ ಬನ್ನಿ. ಕಂಬಿಗಳು ಕಿತ್ತು ಬಂದರೆ ಪಂಜರ ಕುಸಿದು ಬಾಗಿಲು ಕೈಗಳ ಮೇಲೇ ಬೀಳುತ್ತದೆ. ಚಿಕ್ಕ ಮಕ್ಕಳು ಪಕ್ಕದಲ್ಲಿ ಕೂತಿದ್ದರೆ ಆಗ ಎಬ್ಬಿಸಿ ಕಳಿಸಿ.

ಮುಂದಿನ ಅಧ್ಯಾಯದ ಅಡುಗೆಯವರಿಬ್ಬರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಜಮಖಾನೆ ಹುಡುಕಬೇಡಿ, ಮೇಜಿನ ಕೆಳಗೆ ನುಗ್ಗಿ.