ಡೌನ್‌ಲೋಡ್ ಫೈಲಿನ ಬ್ಲಾಕ್ ತೆಗೆಯುವುದು: ಜಿಪ್ ಬಿಚ್ಚುವ ಮೊದಲೇ

ಡಿಸೆಂಬರ್ 31ರ ಗಡುವು ಹತ್ತಿರ ಬಂದಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಲೆಕ್ಕ ನೋಡುವವರಿಗೆ ಈ ತಾಪತ್ರಯ ಎದುರಾಗಬಹುದು: ಜಿಎಸ್‌ಟಿಯ ವಾರ್ಷಿಕ ರಿಟರ್ನ್ ಆದ ಜಿಎಸ್‌ಟಿಆರ್-9ರ ಎಕ್ಸೆಲ್ ಟೂಲ್ ತೆರೆಯುತ್ತದೆ, ಆದರೆ ಒಳಗಿನ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಹಳದಿ ಪಟ್ಟಿ ಬಂದರೆ ‘ಎನೇಬಲ್ ಎಡಿಟಿಂಗ್’ ಒತ್ತಬಹುದು. ಆಮೇಲೆ ಬರುವ ಕೆಂಪು ಪಟ್ಟಿಯಲ್ಲಿ ಅಂಥ ಬಟನ್ನೇ ಇಲ್ಲ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು, ಅಂದರೆ ಬಟನ್ ಒತ್ತಿದಾಗ ಕೆಲಸ ಮಾಡುವ ಒಳಗಿನ ಪುಟ್ಟ ಪ್ರೋಗ್ರಾಮುಗಳನ್ನು, ಮೈಕ್ರೋಸಾಫ್ಟ್ 2022ರಿಂದ ಹೀಗೆ ತಡೆಯುತ್ತಿದೆ.

ಕ್ರೋಮ್, ಎಡ್ಜ್‌ನಂಥ ಬ್ರೌಸರ್‌ಗಳು ಇಳಿಸಿದ ಫೈಲಿಗೆ ‘ಝೋನ್ ಐಡೆಂಟಿಫೈಯರ್’ ಎಂಬ ಕಾಣದ ಚೀಟಿ ಅಂಟಿಸುತ್ತವೆ. ಅದರಲ್ಲಿ 3 ಎಂದಿದ್ದರೆ ಇಂಟರ್ನೆಟ್ಟಿನ ಮಾಲು ಎಂದು ಲೆಕ್ಕ. ಆ ಚೀಟಿ ಕಿತ್ತರೆ ಆಯಿತು.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಜನರಲ್’ ಟ್ಯಾಬಿನ ತಳದಲ್ಲಿ ‘ಅನ್‌ಬ್ಲಾಕ್’ಗೆ ಟಿಕ್ ಹಾಕಿ ‘ಓಕೆ’ ಕೊಡಿ. ಆ ಸಾಲೇ ಕಾಣದಿದ್ದರೆ ಫೈಲಿಗೆ ಚೀಟಿ ಇಲ್ಲ. ತೊಂದರೆ ಬೇರೆ ಕಡೆ ಹುಡುಕಬೇಕು.

ಎಡವುವುದು ಜಿಪ್‌ನಲ್ಲಿ. ಚೀಟಿಯಿರುವ ಜಿಪ್ಪನ್ನು ವಿಂಡೋಸ್‌ನಲ್ಲೇ ಬಿಚ್ಚಿದರೆ ಒಳಗಿನ ಪ್ರತಿ ಫೈಲಿಗೂ ಚೀಟಿ ಅಂಟುತ್ತದೆ. ಅದಕ್ಕೇ ಮೊದಲು ಜಿಪ್ಪನ್ನು ಅನ್‌ಬ್ಲಾಕ್ ಮಾಡಿ, ಆಮೇಲೆ ‘ಎಕ್ಸ್‌ಟ್ರಾಕ್ಟ್ ಆಲ್’. ಆಗಲೇ ಬಿಚ್ಚಿದ್ದರೆ ಆ ಫೋಲ್ಡರ್ ತೆರೆದು, ಮೇಲಿನ ಅಡ್ರೆಸ್ ಬಾರಿನಲ್ಲಿ ‘powershell’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ಬರುವ ಕಿಟಕಿಯಲ್ಲಿ ‘dir -Recurse -File | Unblock-File’ ಆಜ್ಞೆಯನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಒಳಫೋಲ್ಡರ್‌ಗಳೂ ಸೇರಿ ಎಲ್ಲವೂ ಒಮ್ಮೆಗೇ ಮುಗಿಯುತ್ತವೆ. ಅದಕ್ಕೇ ಇಡೀ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇದನ್ನು ಓಡಿಸಬಾರದು. ಬೇಡದ್ದೂ ಬಾಗಿಲು ದಾಟುತ್ತದೆ.

ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಇದೇ ಕಾಟ ಇನ್ನೊಂದು ವೇಷದಲ್ಲಿ ಬರುತ್ತದೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಗ್ನಪತ್ರಿಕೆಯ ಪಿಡಿಎಫ್ ಫೈಲ್ ಎಕ್ಸ್‌ಪ್ಲೋರರಿನ ಪ್ರಿವ್ಯೂದಲ್ಲಿ ಕಾಣುವುದಿಲ್ಲ. 2025ರ ಅಕ್ಟೋಬರ್ ವಿಂಡೋಸ್ ಅಪ್‌ಡೇಟಿನ ನಂತರ ಚೀಟಿಯಿರುವ ಫೈಲುಗಳಿಗೆ ಪ್ರಿವ್ಯೂ ಬಂದ್. ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ, ಹಾಗಾಗಿ ನೂರು ಫೈಲಿಗೆ ಅನ್‌ಬ್ಲಾಕ್ ಮಾಡುತ್ತ ಕೂರುವ ಜರೂರತ್ತಿಲ್ಲ.

ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಈ ಚೀಟಿಯನ್ನು ಹಿಡಿದಿಡುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಬಂದದ್ದು ಸಲೀಸಾಗಿ ತೆರೆಯಿತೆಂದರೆ ಅದು ಸುರಕ್ಷಿತ ಎಂದಲ್ಲ, ಚೀಟಿ ಉದುರಿದೆ ಅಷ್ಟೇ. ಜಿಎಸ್‌ಟಿ ಟೂಲನ್ನು ಪೋರ್ಟಲಿನ ಡೌನ್‌ಲೋಡ್ಸ್ ವಿಭಾಗದಿಂದ ನೀವೇ ಇಳಿಸಿಕೊಂಡಿದ್ದರೆ ಅನ್‌ಬ್ಲಾಕ್ ಮಾಡಿ. ಯಾರೋ ಫಾರ್ವರ್ಡ್ ಮಾಡಿದ ಪ್ರತಿಯನ್ನು ಮುಟ್ಟಬೇಡಿ, ಹೊಸದಾಗಿ ಇಳಿಸಿ.

ಟಿಕ್ ಹಾಕಿದ ಮೇಲೂ ಕೆಂಪು ಪಟ್ಟಿ ಹೋಗದಿದ್ದರೆ ಫೈಲ್ ಎಕ್ಸೆಲ್‌ನಲ್ಲಿ ಇನ್ನೂ ತೆರೆದೇ ಇದೆಯೇ ನೋಡಿ. ಮುಚ್ಚಿ, ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಸಾಲು ಮಾಯವಾಗಿದ್ದು ಖಾತ್ರಿ ಮಾಡಿಕೊಂಡು, ಮತ್ತೆ ತೆರೆಯಿರಿ.