ಕನೂ ದೋಣಿಯಲ್ಲಿ ಮಕ್ಕಳಿಗೆ ನದಿ ಚೇತರಿಕೆಯ ಪಾಠ: ನನ್ನ ಅನುಭವ

ನದಿ ಉಳಿಸೋದು ಅಂದರೆ ಏನು ಅಂತ ಮಕ್ಕಳನ್ನು ಕೇಳಿ ನೋಡಿ. ಕಸ ಹೆಕ್ಕೋದು, ಗಿಡ ನೆಡೋದು ಅಂತಾರೆ. ತಪ್ಪೇನಿಲ್ಲ. ಆದರೆ ಕಾಯಿಲೆ ಏನು ಅಂತ ನೋಡದೆ ಮದ್ದು ಹೇಳಿದ ಹಾಗಾಯಿತು, ಅಲ್ವಾ? ಹಾಗಾಗಿ ನಾನು ಈ ಪಾಠವನ್ನು ಕ್ಲಾಸಿನಲ್ಲಿ ಶುರು ಮಾಡುವುದಿಲ್ಲ. ಮಕ್ಕಳನ್ನು ಕನೂ ದೋಣಿಯಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, ಹಗಲೆಲ್ಲ ನದಿಯಲ್ಲೇ ಇರುತ್ತೇನೆ.

ದಾರಿ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಚಂದದ ಜಾಗ ಮಾತ್ರ ತೋರಿಸಿದರೆ ಅದು ಪಿಕ್‌ನಿಕ್. ಹಾಳಾದ ಜಾಗ ಮಾತ್ರ ತೋರಿಸಿದರೆ ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಒಂದೇ ದಿನದಲ್ಲಿ ಎರಡೂ ಸಿಗಬೇಕು. ಮೊದಲು ನೇರ ಮಾಡಿ ದಡಕ್ಕೆ ಕಲ್ಲು ಕಟ್ಟಿದ ಭಾಗ, ಆಮೇಲೆ ಚೇತರಿಸಿಕೊಳ್ಳುತ್ತಿರುವ ಭಾಗ. ಯಾವುದು ಯಾವುದು ಅಂತ ಮುಂಚೆ ಹೇಳುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಚರ್ಚೆ ಇಲ್ಲ. ಈಜು ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು. ಹಿಂದಿನ ದಿನ ದೊಡ್ಡವರು ಇಡೀ ದಾರಿ ಹೋಗಿ ನೋಡಿ ಬರುತ್ತೇವೆ. ನೀರು ಏರಿದ್ದರೆ ಅವತ್ತು ಹೋಗುವುದಿಲ್ಲ, ಅಷ್ಟೇ.

ನೇರ ಮಾಡಿದ ಭಾಗದಲ್ಲಿ ನೀರು ಒಂದೇ ಸಮ ಎಳೆದುಕೊಂಡು ಹೋಗುತ್ತದೆ. ಹುಟ್ಟು ಹಾಕುವ ಕೆಲಸವೇ ಇಲ್ಲ. ಸ್ವಲ್ಪ ಹೊತ್ತಿಗೆ ಯಾರಾದರೂ "ಬೋರು" ಅಂದೇ ಅನ್ನುತ್ತಾರೆ. ನಾನು ಕಾಯುವುದೂ ಆ ಮಾತಿಗೇ. "ನಮಗೇ ಬೋರಾದರೆ, ಇಲ್ಲೇ ಇರೋ ಮೀನಿಗೆ?" ಅಂತ ಕೇಳಿ ಸುಮ್ಮನಾಗುತ್ತೇನೆ. ಆಗ ಮಕ್ಕಳು ಹುಡುಕಲು ಶುರು ಮಾಡುತ್ತಾರೆ. ಇಲ್ಲಿ ಮೀನು ನಿಂತು ಸುಧಾರಿಸಿಕೊಳ್ಳೋದು ಎಲ್ಲಿ? ಬಿಸಿಲಿಗೆ ಅಡಗೋದು ಎಲ್ಲಿ? ಮೊಟ್ಟೆ ಇಡೋಕೆ ಜಲ್ಲಿಕಲ್ಲು ಎಲ್ಲಿ? ಯಾವುದೂ ಸಿಗುವುದಿಲ್ಲ.

ದಡಕ್ಕೆ ಬಂದ ಮೇಲೆ ಹಗ್ಗ ತೆಗೆಯುತ್ತೇನೆ. ಅಮೆರಿಕದ ಫ್ಲೋರಿಡಾದಲ್ಲಿ ಕಿಸ್ಸಿಮ್ಮಿ ಅನ್ನುವ ನದಿ ಇದೆ. ಅಂಕುಡೊಂಕಾಗಿ ಸುಮಾರು 166 ಕಿಲೋಮೀಟರ್ ಹರಿಯುತ್ತಿತ್ತು. ಪ್ರವಾಹ ತಡೆಯಬೇಕು ಅಂತ 1962ರಿಂದ 1971ರವರೆಗೆ ಅದನ್ನು ಅಗೆದು 90 ಕಿಲೋಮೀಟರ್‌ನ ನೇರ ಕಾಲುವೆ ಮಾಡಿದರು. ನನ್ನ ಹತ್ತಿರ 166 ಸೆಂಟಿಮೀಟರ್‌ನ ಒಂದು ಹಗ್ಗ, 90 ಸೆಂಟಿಮೀಟರ್‌ನ ಇನ್ನೊಂದು ಹಗ್ಗ ಇರುತ್ತದೆ. ಚಿಕ್ಕದನ್ನು ಮರಳ ಮೇಲೆ ನೇರವಾಗಿ ಇಡುತ್ತೇನೆ. ದೊಡ್ಡದನ್ನು ಅದರ ಪಕ್ಕದಲ್ಲಿ, ಅಷ್ಟೇ ಜಾಗದಲ್ಲಿ ತಿರುವು ಮಾಡಿ ಕೂರಿಸಿ ಅಂತ ಮಕ್ಕಳಿಗೆ ಕೊಡುತ್ತೇನೆ. ಒಬ್ಬ ಹುಡುಗ ಎರಡನ್ನೂ ನೋಡಿ, "ಮತ್ತೆ ಉಳಿದ 76 ಕಿಲೋಮೀಟರ್ ನದಿ ಎಲ್ಲಿಗೆ ಹೋಯ್ತು?" ಅಂದ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಪಾಠದಲ್ಲಿ ಇರಲಿಲ್ಲ. ಹೋದದ್ದು ನೀರಲ್ಲ. ನೀರು ನಿಧಾನವಾಗುವ ಜಾಗ, ಪಕ್ಕದ ಜೌಗು ನೆಲ, ಅದನ್ನು ನಂಬಿದ್ದ ಹಕ್ಕಿಗಳು. ಕೊನೆಗೆ ಅದೇ ಕಾಲುವೆಯ ಸುಮಾರು 35 ಕಿಲೋಮೀಟರ್ ಭಾಗವನ್ನು ಮಣ್ಣು ಹಾಕಿ ಮುಚ್ಚಿ, ಹಳೆಯ ತಿರುವುಗಳಿಗೆ ಮತ್ತೆ ನೀರು ಬಿಟ್ಟರು. ಆ ಕಾಮಗಾರಿ ಮುಗಿದದ್ದು 2021ರಲ್ಲಿ. ಕೆಡಿಸಲು ಹತ್ತು ವರ್ಷವೂ ಬೇಕಾಗಲಿಲ್ಲ, ಸರಿ ಮಾಡಲು ಎಷ್ಟು ಬೇಕಾಯಿತು ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ.

ಮಧ್ಯಾಹ್ನ ಚೇತರಿಸಿಕೊಳ್ಳುತ್ತಿರುವ ಭಾಗ. ಇಲ್ಲಿ ಕೈಗೆ ಕೆಲಸ ಜಾಸ್ತಿ. ತಿರುವಿನ ಹೊರಬದಿಯಲ್ಲಿ ನೀರು ಆಳ, ಸೆಳವು ಜೋರು. ಒಳಬದಿಯಲ್ಲಿ ನಿಧಾನ, ಮರಳು ಕೂತಿರುತ್ತದೆ. ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ, ಹರಿವಿನ ಎದುರು ದಿಕ್ಕಿಗೆ ಹೋಗುತ್ತದೆ. ದೋಣಿಯ ಮೂತಿ ಅಲ್ಲಿಗೆ ಹೊಕ್ಕ ತಕ್ಷಣ ದೋಣಿ ಗಕ್ಕನೆ ತಿರುಗಿ ನಿಂತುಬಿಡುತ್ತದೆ. ಹುಟ್ಟು ಬಿಟ್ಟು ಸುಮ್ನೆ ಕೂತರೂ ಕೆಳಗೆ ಹೋಗುವುದಿಲ್ಲ. "ಓ, ಮೀನು ಹಿಂಗೇ ರೆಸ್ಟ್ ಮಾಡುತ್ತಾ!" ಅಂತ ಯಾರೋ ಕಿರುಚುತ್ತಾರೆ. ಇದನ್ನು ಬೋರ್ಡಿನ ಮೇಲೆ ಬಾಣ ಬರೆದು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ನೀರಿಗೆ ಬಿದ್ದ ಮರವನ್ನು ಮಾತ್ರ ದೂರದಿಂದಲೇ ತೋರಿಸುತ್ತೇನೆ. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ದೋಣಿಯೂ ಮನುಷ್ಯರೂ ಸಿಕ್ಕಿಕೊಳ್ಳುತ್ತಾರೆ. ಆದರೆ ಮರಿಮೀನಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ನಮಗೆ ಅಪಾಯ ಅನ್ನಿಸಿದ್ದನ್ನೆಲ್ಲ ಎತ್ತಿ ಹಾಕಿದರೆ ಅದು ಕ್ಲೀನಿಂಗ್ ಆಗುತ್ತದೆ, ಪುನಶ್ಚೇತನ ಆಗುವುದಿಲ್ಲ. ಈ ವಿಷಯದಲ್ಲಿ ಮಕ್ಕಳು ಜೋರಾಗಿ ವಾದ ಮಾಡುತ್ತಾರೆ, ಮಾಡಲಿ ಅಂತ ಬಿಡುತ್ತೇನೆ.

ಮೊಣಕಾಲು ಮುಳುಗದ ಜಾಗದಲ್ಲಿ ಇಳಿದು ಕಲ್ಲು ಎತ್ತುತ್ತೇವೆ. ಬಿಳಿ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕಿ, ಕಲ್ಲಿಗೆ ಅಂಟಿದ್ದನ್ನು ಮೆಲ್ಲಗೆ ತೊಳೆಯಬೇಕು. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸ ನಡೆಯಲು ಶುರು ಮಾಡುತ್ತದೆ! ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಸಣ್ಣ ಕೊಳವೆ, ಅದರ ತುದಿಯಿಂದ ಒಂದು ಕಪ್ಪು ತಲೆ, ಹಿಂದೆಯೇ ಕಾಲುಗಳು. ಅದು ಕ್ಯಾಡಿಸ್‌ಫ್ಲೈ ಅನ್ನುವ ಕೀಟದ ಮರಿ. ಬಾಯಿಂದ ಬರುವ ರೇಷ್ಮೆಯಲ್ಲಿ ಮನೆ ಕಟ್ಟಿಕೊಂಡು, ಮನೆ ಸಮೇತ ಓಡಾಡುತ್ತದೆ. ಪಕ್ಕದಲ್ಲಿ ಮೇಫ್ಲೈ ಅನ್ನುವ ಇನ್ನೊಂದು ಕೀಟದ ಮರಿ, ಹೊಟ್ಟೆಯ ಎರಡೂ ಬದಿ ಕಿವಿರು ಪಟಪಟ ಆಡಿಸುತ್ತಾ ಇರುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಶುದ್ಧ ನೀರು, ಚೆನ್ನಾಗಿ ಆಮ್ಲಜನಕ ಬೇಕು. ಬೆಳಿಗ್ಗೆ ನೇರ ಮಾಡಿದ ಭಾಗದ ಹೂಳನ್ನೂ ಹೀಗೇ ತಟ್ಟೆಗೆ ಹಾಕಿ ನೋಡಿದಾಗ ಸಿಕ್ಕಿದ್ದು ಕೆಂಪು ಹುಳುಗಳು. ಅವುಗಳ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇರುತ್ತದೆ, ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತವೆ. ಎರಡು ತಟ್ಟೆ ಪಕ್ಕಪಕ್ಕ ಇಟ್ಟರೆ ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲ. ನೋಡಿ ಆದಮೇಲೆ ಹುಳುಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಮೊದಲು ಹೇಗಿತ್ತೋ ಹಾಗೇ ಇಡಬೇಕು. ಈ ಒಂದು ವಿಷಯಕ್ಕೆ ನಾನು ಸ್ವಲ್ಪ ಗದರುತ್ತೇನೆ.

ಥರ್ಮಾಮೀಟರ್ ಕೂಡ ಮರೆಯಬೇಡಿ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಹುಳು ಎಣಿಸಿದ ಮೇಲೆ ಈ ಅಂಕಿ ಹೇಳಿದರೆ ದಡದ ನೆರಳು ಯಾಕೆ ಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಅಣೆಕಟ್ಟಿನ ಪ್ರಶ್ನೆ ಬಂದರೆ ಕ್ಲಾಮತ್ ನದಿಯ ಕಥೆ ಹೇಳುತ್ತೇನೆ. ಅಮೆರಿಕದ ಆರೆಗಾನ್, ಕ್ಯಾಲಿಫೋರ್ನಿಯಾ ಗಡಿಯ ಆ ನದಿಯಲ್ಲಿ 4 ಅಣೆಕಟ್ಟು ಒಡೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷ ಸಾಲ್ಮನ್ ಮೀನು ಹಳೆಯ ಕಟ್ಟೆಗಳಿದ್ದ ಜಾಗ ದಾಟಿ ಮೇಲಕ್ಕೆ ಹೋಯಿತು. 2025ರಲ್ಲಿ ಅಲ್ಲಿನ ಮೂಲನಿವಾಸಿ ಹುಡುಗ ಹುಡುಗಿಯರು ಕಯಾಕ್‌ನಲ್ಲಿ ನದಿಯ ಮೂಲದಿಂದ ಸಮುದ್ರದವರೆಗೆ, ಸುಮಾರು 500 ಕಿಲೋಮೀಟರ್, ಒಂದು ತಿಂಗಳು ಪ್ರಯಾಣ ಮಾಡಿದರು. ಇದನ್ನು ಕೇಳಿದ ಮಕ್ಕಳು ಬೇರೆ ಏನೂ ಕೇಳುವುದಿಲ್ಲ. ನಾವು ಯಾವಾಗ ಹೋಗೋದು ಅನ್ನುತ್ತಾರೆ.

ಕೊನೆಗೆ ಕೈಯಾರೆ ಒಂದು ಕೆಲಸ. ಆ ದಡದಲ್ಲೇ ತಾನಾಗಿ ಬೆಳೆಯುವ, ಕೊಂಬೆಯಿಂದ ಚಿಗುರುವ ಮರದ ಕಡ್ಡಿಗಳನ್ನು ಮೊಗ್ಗು ಮೇಲೆ ಬರುವ ಹಾಗೆ, ಮುಕ್ಕಾಲು ಭಾಗ ಮಣ್ಣಿಗೆ ಇಳಿಸುತ್ತೇವೆ. ಬೇರು ಬಿಟ್ಟರೆ ದಡದ ಮಣ್ಣು ಹಿಡಿಯುತ್ತವೆ. ಎಷ್ಟು ನೆಟ್ಟೆವು ಅನ್ನುವುದು ನನಗೆ ಮುಖ್ಯ ಅಲ್ಲ. ಎಲ್ಲಿ ನೆಟ್ಟೆವು ಅಂತ ನಕ್ಷೆ ಬರೆಸುತ್ತೇನೆ, ಒಂದೇ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸುತ್ತೇನೆ. ಮುಂದಿನ ವರ್ಷ ಅದೇ ಮಕ್ಕಳು ಬಂದು ಬದುಕಿದ್ದು ಎಷ್ಟು, ಸತ್ತಿದ್ದು ಎಷ್ಟು ಅಂತ ಎಣಿಸಬೇಕು. ಸತ್ತಿದ್ದನ್ನು ಎಣಿಸುವಾಗಲೇ ಅವರು ಜಾಸ್ತಿ ಮಾತಾಡುತ್ತಾರೆ. ನೀರು ಮುಟ್ಟಲಿಲ್ಲವಾ, ದನ ಮೇಯ್ದವಾ, ಪ್ರವಾಹ ಕಿತ್ತುಕೊಂಡು ಹೋಯ್ತಾ?

ಮನೆಗೆ ಹೊರಡುವ ಮುಂಚೆ ದೋಣಿ, ಬಲೆ, ಬೂಟು ತೊಳೆದು ಒಣಗಿಸಬೇಕು. ಒಂದು ನದಿಯ ಕಳೆ ಇನ್ನೊಂದಕ್ಕೆ ಹೀಗೇ ಹೋಗುತ್ತದೆ. ಬೂಟಿನ ಅಡಿ ಉಜ್ಜುವ ಕೆಲಸಕ್ಕೆ ಮಾತ್ರ ಯಾಕೋ ಯಾವಾಗಲೂ ಜಗಳ ಆಗುತ್ತದೆ, ಎಲ್ಲರಿಗೂ ಬ್ರಷ್ ತಮಗೇ ಬೇಕು.