ಹೆಂಚು ಇಳಿಸಿ ಅಟ್ಟ ಖಾಲಿ ಮಾಡಿದ್ದು: ನನ್ನ ಅನುಭವ

“ಅಟ್ಟ ಗುಡಿಸುವುದಕ್ಕೆ ಯಾರಾದರೂ ಮನೆಯ ಮಾಡು ಬಿಚ್ಚುತ್ತಾರೆಯೇ ಮಾರಾಯ?” ಎಂದು ಕಳೆದ ವರ್ಷ ನನ್ನನ್ನು ಆಡಿಕೊಂಡವರಲ್ಲಿ ಇಬ್ಬರು ಈ ವರ್ಷ ತಮ್ಮ ಮನೆಯ ಹೆಂಚು ಇಳಿಸುವ ಮುನ್ನ ನನ್ನನ್ನೇ ಕರೆಯಲು ಬಂದರು. ಹೋಗಿ ನಿಂತು ಮಾಡಿಸಿಕೊಟ್ಟೆ. ಇನ್ನು ಉಳಿದವರಿಗೂ ಒಂದೊಂದಾಗಿ ಹೇಳುವುದಕ್ಕಿಂತ ಬರೆದುಬಿಡುವುದೇ ವಾಸಿ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆ. ಮುತ್ತಜ್ಜ ಕಟ್ಟಿಸಿದ್ದು, ತೊಂಬತ್ತು ವರ್ಷದ ಆಚೀಚೆ. ನಾಲ್ಕು ಅಂಕಣದ, ಎಂದರೆ ನಾಲ್ಕು ಭಾಗದ, ಅಟ್ಟ, ಉದ್ದ ನಲವತ್ತು ಅಡಿ ಇರಬಹುದು. ನಡುವೆ ಮಾತ್ರ ನೆಟ್ಟಗೆ ನಿಲ್ಲಬಹುದು. ಸೂರಿನ ಕಡೆಗೆ ಹೋದಂತೆ ಬಗ್ಗಬೇಕು, ಆಮೇಲೆ ಹೊಟ್ಟೆಯ ಮೇಲೆ ತೆವಳಬೇಕು. ಸಾಮಾನೆಲ್ಲ ಸೇರಿಕೊಂಡಿದ್ದು ಆ ತೆವಳುವ ಜಾಗದಲ್ಲೇ. ಮುರಿದ ತೊಟ್ಟಿಲು, ಉಪ್ಪಿನಕಾಯಿ ಭರಣಿಗಳು, ಕಂಚಿನ ತಪ್ಪಲೆ, ತಗಡಿನ ಟ್ರಂಕು, ಮದುವೆಗೆ ತಂದು ಉಳಿದ ಚಾಪೆ, ಸ್ಪ್ರೇ ಪಂಪಿನ ಮೂರು ತಲೆಮಾರು, ಯಾವ ಕಾಲದ್ದೋ ಪಂಚಾಂಗದ ಕಟ್ಟುಗಳು. ಪಾಲಾಗಿ ಹೋದ ದೊಡ್ಡಪ್ಪನ ಮನೆಯವರ ಸಾಮಾನೂ ಅದರಲ್ಲಿ ಬೆರೆತಿತ್ತು. ನಲವತ್ತು ವರ್ಷದಿಂದ ಯಾರಿಗೂ ಬೇಡವಾಗಿದ್ದ ಆ ತೊಟ್ಟಿಲಿಗೆ, ನಾನು ಅಟ್ಟ ಖಾಲಿ ಮಾಡುತ್ತೇನೆ ಎಂದ ಕೂಡಲೇ ಬೆಂಗಳೂರಿನಿಂದ ಎರಡು ಫೋನ್ ಬಂದವು. ಆದ್ದರಿಂದ ಮೊದಲ ಕೆಲಸ, ಪಾಲಿನವರನ್ನು ಕೇಳಿಕೊಳ್ಳುವುದು. ಕೇಳದೆ ಗುಜರಿಗೆ ಹಾಕಿದ ಒಂದು ಹಳೆಯ ದೀಪದ ಕಂಬದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮೂರಿನಲ್ಲೇ ಇದ್ದಾರೆ.

ಇದಕ್ಕೆ ಮುಂಚೆ ನಾನು ಸೋತ ಲೆಕ್ಕವನ್ನೂ ಹೇಳಬೇಕು.

ಎಂಟು ವರ್ಷದ ಹಿಂದೆ ಏಣಿ ಹತ್ತಿ, ಮುಖಕ್ಕೆ ಪಂಚೆ ಸುತ್ತಿಕೊಂಡು, ಪೊರಕೆಯಿಂದ ಗುಡಿಸಿದೆ. ಧೂಳು ಅಟ್ಟದ ನೆಲವಾದ ಹಲಗೆ ಮುಚ್ಚಿಗೆಯ ಸಂದಿನಿಂದ ಕೆಳಗೆ ಸುರಿದು ಅಕ್ಕಿ, ಹಾಸಿಗೆ, ದೇವರ ಪೀಠ ಎಲ್ಲಕ್ಕೂ ಬಿತ್ತು. ನನಗೆ ಹದಿನೈದು ದಿನ ಕೆಮ್ಮು. ಒರಲೆ ತಿಂದ ಹಲಗೆಯ ಮೇಲೆ ಕಾಲಿಟ್ಟಿದ್ದರಿಂದ ಮೊಣಕಾಲಿನವರೆಗೆ ದೇವರ ಕೋಣೆಯೊಳಗೆ ಇಳಿದೆ. ಕೆಳಗೆ ಪೂಜೆಗೆ ಕುಳಿತಿದ್ದ ಅಪ್ಪ ತಲೆಯೆತ್ತಿ ನೋಡಿ, ಮಂತ್ರ ನಿಲ್ಲಿಸದೆ ಮುಂದುವರಿಸಿದರು. ಗಾಯಕ್ಕೆ ನಾಲ್ಕು ಹೊಲಿಗೆ.

ಎರಡನೆಯ ಸಲ ಗುತ್ತಿಗೆ ಕೊಟ್ಟೆ. ಎರಡೂವರೆ ಸಾವಿರವೋ ಮೂರು ಸಾವಿರವೋ ಆಯಿತು. ಅವರು ನಡುವಿನ ಸಾಮಾನನ್ನು ಸೂರಿನ ಕಡೆಗೆ ಒತ್ತಿ, ನಡುವಿನ ಜಾಗ ಗುಡಿಸಿ, ಸಂಜೆ ದುಡ್ಡು ತೆಗೆದುಕೊಂಡು ಹೋದರು. ಎರಡು ಭರಣಿ ಒಡೆದದ್ದು ಆಮೇಲೆ ಗೊತ್ತಾಯಿತು.

ಮೂರನೆಯದು ನನ್ನದೇ ಬುದ್ಧಿವಂತಿಕೆ. ತೋಟದ ದರಗು ಹಾರಿಸುವ ಬ್ಲೋವರ್ ಮನೆಯಲ್ಲಿತ್ತು. ಅಟ್ಟದ ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯ ಕಿಟಕಿಯಿಂದ ಧೂಳು ಹೊರಗೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಅದರ ವಿವರ ಬೇಡ. ಹೆಂಡತಿ ತವರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಳು ಎಂದರೆ ಸಾಕು.

ಸೋತ ಮೇಲೆ ಹೊಳೆದದ್ದು ಇಷ್ಟೇ: ನಾವು ಕೊಳೆಯನ್ನು ಮನೆಯೊಳಗಿನಿಂದಲೇ ಇಳಿಸುತ್ತಿದ್ದೇವೆ. ಏಣಿಯ ಬಾಯಿ ಎರಡು ಅಡಿ ಅಗಲ. ಬೆಳಕಿಲ್ಲ, ಗಾಳಿಯಿಲ್ಲ, ನಿಲ್ಲಲು ಜಾಗವಿಲ್ಲ. ಆದರೆ ಹೇಗೂ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೇವಲ್ಲ, ಎಂದರೆ ತೆಗೆದು, ಒಡೆದದ್ದು ಬದಲಿಸಿ, ಮತ್ತೆ ಹೊದಿಸುತ್ತೇವಲ್ಲ? ಆ ಕೆಲಸವನ್ನೂ ಈ ಕೆಲಸವನ್ನೂ ಕೂಡಿಸಿದರೆ ಸೂರಿನ ಕಡೆಯಿಂದಲೇ, ಹೊರಗೆ ನಿಂತೇ, ಸಾಮಾನನ್ನು ಅಂಗಳಕ್ಕೆ ಇಳಿಸಬಹುದು. ತೆವಳುವ ಜಾಗ ಆಗ ತೆರೆದ ಕಪಾಟು ಇದ್ದ ಹಾಗೆ.

ಕಾಲ ಮುಖ್ಯ. ಅಡಿಕೆ ಕೊಯ್ಲು ಮುಗಿದಿರಬೇಕು, ಅಡ್ಡಮಳೆ ಶುರುವಾಗಿರಬಾರದು. ಶಿವರಾತ್ರಿ ಕಳೆದು ಯುಗಾದಿಯೊಳಗೆ ನಾಲ್ಕು ದಿನ ಹಿಡಿದೆ. ಹಾಗಿದ್ದೂ ಎರಡನೆಯ ದಿನ ಸಂಜೆ ಗುಡುಗಿತು. ಮೂವತ್ತು ಅಡಿ ಉದ್ದದ ಟಾರ್ಪಾಲನ್ನು ಬೆಳಿಗ್ಗೆಯೇ ಮಾಡಿನ ನೆತ್ತಿಯ ಮೇಲೆ ಸುರುಳಿ ಸುತ್ತಿ ಕಟ್ಟಿಟ್ಟಿದ್ದೆ. ಹಗ್ಗ ಬಿಚ್ಚಿದರೆ ತಾನೇ ಉರುಳಿ ಸೂರಿನವರೆಗೆ ಇಳಿಯುತ್ತದೆ. ಎರಡು ನಿಮಿಷದ ಕೆಲಸ. “ಟಾರ್ಪಾಲು ಹೊದೆಸುವಷ್ಟರಲ್ಲಿ ಅಟ್ಟ ಕೆರೆಯಾಗುತ್ತದೆ” ಎಂದಿದ್ದ ಪಕ್ಕದ ಮನೆಯ ಭಾವ ಅಂದು ನಮ್ಮ ಜಗಲಿಯಲ್ಲೇ ಕಾಫಿ ಕುಡಿಯುತ್ತ ಇದನ್ನು ನೋಡಿದರು. ಏನೂ ಮಾತಾಡಲಿಲ್ಲ.

ಇಡೀ ಮಾಡು ಬಿಚ್ಚಬೇಕಿಲ್ಲ. ಹಿತ್ತಿಲ ಕಡೆಯ ಇಳಿಜಾರಿನಲ್ಲಿ, ಸೂರಿನಿಂದ ಮೇಲಕ್ಕೆ ಐದು ಸಾಲು, ಒಂದು ಸಲಕ್ಕೆ ಒಂದೇ ಅಂಕಣ. ಮೇಲಿನ ಸಾಲಿನಿಂದ ಕೆಳಗೆ ಬಿಚ್ಚಿಕೊಂಡು ಬರಬೇಕು, ಹೊದಿಸುವಾಗ ಕೆಳಗಿನಿಂದ ಮೇಲಕ್ಕೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ನಾನು ಪೆಟ್ಟು ತಿಂದದ್ದು ಬೇರೆ ಕಡೆ. ನಮ್ಮ ಮಾಡಿನ ಮೇಲೆ ಕನಿಷ್ಠ ನಾಲ್ಕು ಕಾರ್ಖಾನೆಗಳ ಹೆಂಚುಗಳಿವೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಅಚ್ಚಿನವೂ ಕೆಲವು ಸಿಕ್ಕವು. ಅವರು ಮಂಗಳೂರಿನಲ್ಲಿ ಹೆಂಚು ಶುರುಮಾಡಿದ್ದು 1865ರಲ್ಲಿ. ನಮ್ಮ ಮನೆಗೆ ಯಾವ ವರ್ಷ ಬಂದವೋ, ಕೈಯಲ್ಲಿ ಬಡಿದರೆ ಈಗಲೂ ಗಂಟೆಯ ಹಾಗೆ ನುಡಿಯುತ್ತವೆ. ಒಂದು ಕಂಪನಿಯ ಹೆಂಚಿನ ಅಂಚಿನ ತೋಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ. ಮೊದಲ ಅಂಕಣದ ಹೆಂಚುಗಳನ್ನೆಲ್ಲ ಒಂದೇ ರಾಶಿ ಹಾಕಿ, ಮತ್ತೆ ಹೊದಿಸುವಾಗ ಅರ್ಧ ದಿನ ಹಾಳು ಮಾಡಿಕೊಂಡೆ. ಆ ಅಂಕಣ ಜೂನ್‌ನಲ್ಲಿ ಎರಡು ಕಡೆ ಸೋರಿತು ಕೂಡ. ಎರಡನೆಯ ಅಂಕಣದಿಂದ ಪ್ರತಿ ಹೆಂಚಿನ ಒಳಮೈಗೆ ಸೀಮೆಸುಣ್ಣದಲ್ಲಿ ಸಾಲಿನ ಅಂಕಿ, ಅದರ ಪಕ್ಕ ಹೆಂಚಿನ ಅಂಕಿ ಬರೆದೆ. ಅದರಿಂದ ಮುಂದೆ ಒಂದು ಹನಿಯೂ ಸೋರಿಲ್ಲ.

ಸಾಮಾನು ಇಳಿಸಲು ಎರಡು ಹಳೆಯ ಅಡಿಕೆ ಮರಗಳನ್ನು ಸೂರಿನಿಂದ ಹಿತ್ತಿಲಿಗೆ ಓರೆಯಾಗಿ ಕಟ್ಟಿ, ನಡುವೆ ಅಡಿಕೆ ಹಾಳೆ ಹೊಲಿದು ಜಾರುಬಂಡಿ ಮಾಡಿದೆ. ಚಾಪೆ, ಬುಟ್ಟಿ, ಕಾಗದದ ಕಟ್ಟು ಅದರಲ್ಲಿ ಇಳಿದವು. ಭಾರದವು ಬಾವಿಯ ರಾಟೆಯನ್ನು ತೊಲೆಗೆ ಕಟ್ಟಿ ಹಗ್ಗದಲ್ಲಿ. ಹೆಂಚು ಕೂರುವ ತೆಳು ಪಟ್ಟಿಗೆ, ಎಂದರೆ ರೀಪಿಗೆ, ಎಂದೂ ರಾಟೆ ಕಟ್ಟಬೇಡಿ. ಆ ರೀಪನ್ನು ಹೊರುವ ಪಕಾಸಿಗೂ ಬೇಡ.

ಮೇಲೆ ಕಾಲಿಡುವ ಮುಂಚೆ ಮೇನ್ ಸ್ವಿಚ್ ಇಳಿಸಿದೆ. ನಮ್ಮಲ್ಲಿ ಮರದ ಪಟ್ಟಿಯೊಳಗಿನ ಹಳೆಯ ವೈರಿಂಗ್ ಇನ್ನೂ ಒಂದು ಅಂಕಣದಲ್ಲಿ ಜೀವಂತವಾಗಿದೆ ಎಂದು ಗೊತ್ತಾದದ್ದೇ ಆವತ್ತು. ಇಲಿ ಕಡಿದು ತಾಮ್ರ ಕಾಣುತ್ತಿತ್ತು, ಅದರ ಪಕ್ಕದಲ್ಲೇ ಅಡಿಕೆ ಸಿಪ್ಪೆ ತುಂಬಿದ ಇಲಿಯ ಗೂಡು. ಎಷ್ಟು ವರ್ಷ ಆ ಮನೆಯಲ್ಲಿ ಮಲಗಿದ್ದೆವೋ! ಮುಚ್ಚಿಗೆಯ ಮೇಲೆ ನೇರ ಕಾಲಿಡದೆ, ತೊಲೆಯಿಂದ ತೊಲೆಗೆ ಎರಡು ದಪ್ಪ ಹಲಗೆ ಹಾಕಿ ಅದರ ಮೇಲೆ ಮಾತ್ರ ಓಡಾಡಿದೆವು. ದೇವರ ಕೋಣೆಯ ಪಾಠ ಮರೆತಿರಲಿಲ್ಲ.

ಒಣ ಗುಡಿಸುವುದನ್ನು ಪೂರ್ತಿ ಬಿಟ್ಟೆ. ಇಲಿ ಹಿಕ್ಕೆ, ಬಾವಲಿ ಹಿಕ್ಕೆ ಒಣಗಿ ಪುಡಿಯಾಗಿರುತ್ತದೆ. ಅದು ಮೂಗಿಗೆ ಹೋಗಬಾರದು. ಇಲಿ ಜ್ವರ ಬರುವುದು ಇಲಿ ಮೂತ್ರದಿಂದ, ಅದೂ ಗಾಯವಿದ್ದರೆ ಸುಲಭವಾಗಿ. ಆದ್ದರಿಂದ ಕೈಗವಸು, ಗಂಬೂಟು, ಕೊರೋನಾ ಕಾಲದಲ್ಲಿ ತಂದು ಉಳಿದಿದ್ದ ಎನ್-95 ಮಾಸ್ಕು, ತಲೆಗೆ ಹಾಳೆಟೊಪ್ಪಿ. ಪಕಾಸಿಯ ಮೊಳೆ ತಲೆಗೆ ತಾಗಿದಾಗ ಹಾಳೆಟೊಪ್ಪಿಯ ಬೆಲೆ ತಿಳಿಯುತ್ತದೆ. ಕೈಪಂಪಿನಲ್ಲಿ ಬ್ಲೀಚಿಂಗ್ ಪುಡಿಯ ನೀರನ್ನು ಮಂಜಿನ ಹಾಗೆ ಹೊಡೆದು, ಹತ್ತು ನಿಮಿಷ ಬಿಟ್ಟು, ಒದ್ದೆಯಾದದ್ದನ್ನು ಸಲಿಕೆಯಲ್ಲಿ ಬಾಚಿ ಚೀಲಕ್ಕೆ. ಆದರೆ ಹೊಡೆಯುವ ಮುಂಚೆ ಇಲಿ ಪಾಷಾಣದ ಹಳೆಯ ಪೊಟ್ಟಣಗಳನ್ನು ಹುಡುಕಿ ತೆಗೆಯಬೇಕು. ಆ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಒದ್ದೆಯಾದರೆ ವಿಷಾನಿಲ ಬಿಡುತ್ತದೆ. ನನಗೆ ಎರಡು ಸಿಕ್ಕವು. ಕೆಲಸ ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ಮಾತ್ರ. ಆಮೇಲೆ ಹೆಂಚಿನ ಕೆಳಗೆ ಮನುಷ್ಯ ಇರಲಾರ.

ಚೇಳಿನದು ನನ್ನ ಸ್ವಂತ ಪ್ರಯೋಗ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಮುನ್ನೂರೈವತ್ತು ರೂಪಾಯಿಗೆ ಸಿಕ್ಕಿತು. ಆ ಬೆಳಕಿನಲ್ಲಿ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಹಿಂದಿನ ರಾತ್ರಿ ಏಣಿಯ ಮೇಲೆ ನಿಂತು ಬೆಳಕು ಹಾಯಿಸಿದೆ: ಚಾಪೆಯ ಸುರುಳಿಯ ಹತ್ತಿರ ಎರಡು, ಗೋಡೆಯ ತಲೆಯಲ್ಲಿ ಒಂದು, ಹಳೆಯ ಹೆಡಿಗೆಯಲ್ಲಿ ಒಂದು. ಉದ್ದನೆಯ ಇಕ್ಕಳದಲ್ಲಿ ಡಬ್ಬಕ್ಕೆ ಹಾಕಿ ಗುಡ್ಡಕ್ಕೆ ಬಿಟ್ಟೆ. ಅದಾದ ಮೇಲೆ ಆ ಟಾರ್ಚು ನನಗೆ ಚಟವಾಯಿತು. ಸೌದೆ ಕೊಟ್ಟಿಗೆ, ಬಚ್ಚಲು, ತೋಟದ ಕಟ್ಟೆ ಎಲ್ಲ ಕಡೆ ಹಾಯಿಸಿ ನೋಡಿದೆ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಪಂಚೆಯೂ ಹೊಳೆಯುತ್ತದೆ. ಕತ್ತಲಲ್ಲಿ ಎದುರಿಗೆ ಬಂದ ಅಪ್ಪನನ್ನು ನೋಡಿ ಒಮ್ಮೆ ಬೆಚ್ಚಿಬಿದ್ದೆ.

ಹಾವಿನ ಪೊರೆ ಮೂರು ಸಿಕ್ಕವು, ಹಾವು ಒಂದು, ಕೇರೆ. ಹೆಂಚು ತೆಗೆದು ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ತಾನೇ ಗೋಡೆಯ ಮೇಲಿಂದ ಇಳಿದು ಹೋಯಿತು. ಬಾವಲಿಗಳೂ ಎರಡು ರಾತ್ರಿಯಲ್ಲಿ ಜಾಗ ಬಿಟ್ಟವು. ಹಿಂದೆ ಲಕ್ಕಿ ಸೊಪ್ಪಿನ ಹೊಗೆ ಹಾಕಿ ಮೂರು ದಿನ ಕಣ್ಣು ಉರಿಸಿಕೊಂಡರೂ ಹೋಗದವು, ಬರಿಯ ಬೆಳಕಿಗೆ ಹೋದವು. ಮರಬೆಕ್ಕು ಮಾತ್ರ ಹಟಮಾರಿ. ರೇಡಿಯೋ ಹಚ್ಚಿಟ್ಟೆ, ಎರಡು ದಿನ ದೂರ ಇತ್ತು, ಮೂರನೆಯ ದಿನ ರೇಡಿಯೋದ ಪಕ್ಕದಲ್ಲೇ ಹಿಕ್ಕೆ ಹಾಕಿ ಹೋಗಿತ್ತು. ಕೊನೆಗೆ ಅದಕ್ಕೆ ನೋವಾಗದ ಹಾಗೆ ಒಂದು ಉಪಾಯ ಮಾಡಿದೆ, ಒಂದು ವರ್ಷವಾಯಿತು, ತಿರುಗಿ ಬಂದಿಲ್ಲ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಊಟ ಮಾಡಿದವರಿಗೆ ಹೇಳುತ್ತೇನೆ.

ತಲೆನೋವಾದದ್ದು ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳು. ಗಟ್ಟಿಯಾದ ಮೈಲುತುತ್ತ ಏಳೆಂಟು ಕಿಲೋ ಸಿಕ್ಕಿತು. ಅದು ಹಳತಾದರೂ ಕೆಡುವುದಿಲ್ಲ, ಕುಟ್ಟಿ ಕರಗಿಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಳಸಿಕೊಂಡೆ. ಆದರೆ ತುಕ್ಕು ಹಿಡಿದ ತಗಡಿನ ಡಬ್ಬದಲ್ಲಿ ಅರ್ಧದಷ್ಟು ಬಿ.ಎಚ್.ಸಿ. ಎಂಬ ಕೀಟನಾಶಕದ ಪುಡಿಯೂ ಇತ್ತು. ಅದನ್ನು ದೇಶದಲ್ಲಿ ನಿಷೇಧಿಸಿದ್ದು 1997ರಲ್ಲಿ. ಎಲ್ಲಿ ಹಾಕುವುದು? ಒಂದು ಕಚೇರಿಗೆ ಹೋಗಿ ಕೇಳಿದೆ. “ನೀವೇ ಎಲ್ಲಾದರೂ ಗುಂಡಿ ತೋಡಿ ಹಾಕಿ” ಎಂದರು. ನಮ್ಮ ಗುಂಡಿಯ ನೀರು ಇಳಿಯುವುದು ನಮ್ಮ ಬಾವಿಗೇ ಅಲ್ಲವೇ? ಡಬ್ಬವನ್ನು ಹಾಗೆಯೇ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಳಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಮೇಲೆ ವಿಷ ಎಂದು ಬರೆದು ಪಂಪ್‌ಶೆಡ್ಡಿನ ಮೂಲೆಯಲ್ಲಿಟ್ಟಿದ್ದೇನೆ. ಇದು ಪರಿಹಾರವಲ್ಲ, ಗೊತ್ತು.

ತಾಳೆಗರಿಯ ಕಟ್ಟು ಮೂರು ಸಿಕ್ಕವು. ಹಿಂದಿನವರಾಗಿದ್ದರೆ ಹೊಳೆಗೆ ಬಿಟ್ಟು ಕೈಮುಗಿಯುತ್ತಿದ್ದರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗರಿಗಳನ್ನು ಜೋಪಾನ ಮಾಡಿರುವುದನ್ನು ನೋಡಿದ್ದರಿಂದ ನಾನು ಬಿಡಲಿಲ್ಲ. ಆದರೆ ಹುಳ ಸಾಯಲಿ ಎಂದು ಒಂದು ಕಟ್ಟನ್ನು ಬಿಸಿಲಿಗೆ ಹರವಿದ್ದು ತಪ್ಪಾಯಿತು. ಸಂಜೆಯೊಳಗೆ ಗರಿಗಳು ಸುರುಳಿಗಟ್ಟಿ, ಮುಟ್ಟಿದರೆ ಮುರಿಯುವಂತಾದವು. ಉಳಿದೆರಡನ್ನು ನೆರಳಲ್ಲಿ ಮೃದುವಾದ ಕುಂಚದಿಂದ ಒರೆಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟೆ.

ಖಾಲಿಯಾದ ಮೇಲೆ ಒರಲೆಗೆಂದು ತೊಲೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆ. ಕೈಗವಸು ಹರಿದದ್ದನ್ನು ಗಮನಿಸದೆ ಎರಡು ಬೆರಳು ಸುಟ್ಟುಕೊಂಡೆ. ಬೊಕ್ಕೆ ಎದ್ದು ಎರಡು ವಾರ ಊಟಕ್ಕೆ ಚಮಚ. ಎಣ್ಣೆಯನ್ನು ತೆಳುವಾಗಿ ಎರಡು ಸಲ ಬಳಿಯಬೇಕು, ದಪ್ಪವಾಗಿ ಒಂದು ಸಲ ಬಳಿದರೆ ತಿಂಗಳಾದರೂ ಅಂಟುತ್ತದೆ. ಅದಕ್ಕೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ. ಈ ಮಳೆಗಾಲವೂ ಕಳೆಯಲಿ, ನಿಂತರೆ ಅದನ್ನೂ ಹೇಳುತ್ತೇನೆ.

ದುಡ್ಡಿನ ಲೆಕ್ಕ ನೆನಪಿನಿಂದ: ಹೆಂಚಿನ ಕೆಲಸದವರು ಇಬ್ಬರು ನಾಲ್ಕು ದಿನ, ಒಂಬತ್ತು ಸಾವಿರದ ಹತ್ತಿರ. ಕೂಲಿಗೆ ಇನ್ನೊಬ್ಬ, ಮೂರು ಸಾವಿರ. ಟಾರ್ಪಾಲು ಎರಡು ಸಾವಿರದ ಎಂಟುನೂರು. ಒಡೆದ ಹೆಂಚು ಐವತ್ತೋ ಅರುವತ್ತೋ, ಹಳೆಯ ಹೆಂಚು ತಂದು ಹಾಕಿದ್ದಕ್ಕೆ ಸಾವಿರ. ಎಣ್ಣೆ, ಮಾಸ್ಕು, ಚೀಲ, ಟಾರ್ಚು ಸೇರಿ ಎರಡು ಸಾವಿರ. ಗುಜರಿಯಿಂದ ಬಂದದ್ದು ಹದಿನಾಲ್ಕು ಸಾವಿರ ಚಿಲ್ಲರೆ, ಅದರಲ್ಲಿ ಹಿತ್ತಾಳೆಯದೇ ಹೆಚ್ಚು. ಗುಜರಿಯವನ ತಕ್ಕಡಿ ನಂಬದೆ ಅಡಿಕೆ ತೂಗುವ ನಮ್ಮ ತಕ್ಕಡಿಯಲ್ಲೇ ತೂಗಿ ಕೊಟ್ಟೆ, ಒಂದೂವರೆ ಕಿಲೋ ವ್ಯತ್ಯಾಸ ಬಂತು. ಕಂಚಿನ ತಪ್ಪಲೆ ಕೊಡಲು ಅಮ್ಮ ಬಿಡಲಿಲ್ಲ. ತೊಟ್ಟಿಲಿಗೆ ಫೋನ್ ಮಾಡಿದ ಇಬ್ಬರೂ ಇದುವರೆಗೆ ಬಂದಿಲ್ಲ, ಅದು ಜಗಲಿಯಲ್ಲಿದೆ, ಬೆಕ್ಕು ಮಲಗುತ್ತದೆ. ಹೆಂಚು ಕೈಯಾಡಿಸುವ ಖರ್ಚು ಹೇಗೂ ಬರುತ್ತಿತ್ತು, ಆ ಲೆಕ್ಕದಲ್ಲಿ ಅಟ್ಟ ಪುಕ್ಕಟೆ ಖಾಲಿಯಾಯಿತು ಎಂದೇ ನಾನು ಹೇಳುವುದು. ಆ ಲೆಕ್ಕದಲ್ಲಿ ನನ್ನ ಎರಡು ಬೆರಳು ಸೇರಿಲ್ಲ ಎನ್ನುತ್ತಾಳೆ ಹೆಂಡತಿ.

ಕೊಟ್ಟಿಗೆಯ ಅಟ್ಟ ಇನ್ನೂ ಹಾಗೆಯೇ ಇದೆ. ಅದರ ಮೇಲೆ ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಬಿಚ್ಚಲು ಹೋದರೆ ಬೋಲ್ಟಿನ ತೂತಿನ ಹತ್ತಿರ ಒಡೆಯುತ್ತದೆ, ಅದರ ಪುಡಿ ಇಲಿ ಹಿಕ್ಕೆಗಿಂತ ಕೆಟ್ಟದ್ದು, ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿಯುತ್ತದೆ. ಅಲ್ಲಿ ನನ್ನ ಹೆಂಚಿನ ಉಪಾಯ ನಡೆಯುವುದಿಲ್ಲ. ಪೂರ್ವದ ಗೋಡೆಯಲ್ಲಿ ಒಂದು ಬಾಗಿಲು ಒಡೆಸಬಹುದೇ ಎಂದು ಮೇಸ್ತ್ರಿಯನ್ನು ಬರಹೇಳಿದ್ದೇನೆ. ಭಾವ ಈಗಲೇ ನಗಲು ಶುರುಮಾಡಿದ್ದಾರೆ.